ಬೀಗದ ಮನೆ

ಜೂನ್ 11

ತಂಗೀ,

ಬಂದು ಸೇರಿ ಒಂದು ವಾರವಾಯಿತು. ಹಾಸ್ಟೆಲಿನ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಗೋಡೆಯ ಮೇಲೆ ಯಾರೋ ಹೊಡೆದು ಬಿಟ್ಟುಹೋದ ಮೊಳೆಗಳು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಪೈಪು. ಫೋನು ಕೆಳಗೆ ವಾರ್ಡನ್ನಮ್ಮನ ಮೇಜಿನ ಮೇಲಿದೆ. ಯಾರು ಮಾತಾಡಿದರೂ ಆಕೆ ಅಲ್ಲಿಂದ ಕದಲುವುದಿಲ್ಲ, ಮಧ್ಯೆ ಮಧ್ಯೆ ತಲೆಯನ್ನೂ ಆಡಿಸುತ್ತಾಳೆ. ಬಟಾಣಿಯಂತೂ ಫೋನು ಕಿವಿಗಿಟ್ಟರೆ ಉಸಿರು ಬಿಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹಾಗಾಗಿ ನಮಗೆ ಕಾಗದವೇ ಗತಿ. ಏನು ಪ್ರಶ್ನೆ ಬರೆದು ಕಳಿಸಿದರೂ ಉತ್ತರ ಬರೆಯುತ್ತೇನೆ ಅಂತ ಬಸ್ ಹತ್ತುವಾಗ ಅವಳಿಗೆ ಮಾತು ಕೊಟ್ಟಿದ್ದೇನೆ. ನೆನಪಿಸು.

ಅಳುತ್ತಾಳಾ? ಅಳಬಾರದು ಅಂತ ನಾನೇ ಬೇಡಿಕೊಂಡಿದ್ದೆ. ಈಗ ಅವಳು ಅಳಲೇ ಇಲ್ಲ ಅಂತ ನೀನು ಬರೆದರೆ ನನಗೆ ನಿದ್ದೆ ಬರುವುದಿಲ್ಲ. ನಗಬೇಡ. ಮೊದಲ ಕಾಗದದಲ್ಲೇ ನೇರವಾಗಿ ಹೇಳಿಬಿಡುತ್ತೇನೆ: ಬಟಾಣಿಯನ್ನು, ನನ್ನ ಮಗಳನ್ನು, ಒಂದು ವರ್ಷ ನಿನ್ನ ಹತ್ತಿರ ಬಿಟ್ಟಿದ್ದೇನೆ, ಕೊಟ್ಟಿಲ್ಲ. ಅವಳಪ್ಪ ಬೇರೆ ಸಂಸಾರ ಹೂಡಿದಾಗ ನನ್ನ ಜಾಗದಲ್ಲಿ ಇನ್ನೊಬ್ಬಳು ಬಂದು ಕೂತದ್ದನ್ನು ನೋಡಿದ್ದೇನೆ. ಎರಡನೇ ಸಲ ನೋಡುವ ಶಕ್ತಿ ನನಗಿಲ್ಲ, ಅದೂ ಕೂತವಳು ಒಡಹುಟ್ಟಿದವಳೇ ಆದರೆ.

ಕೆಲಸದ ಸಮಾಚಾರ ಕೇಳು. ಪಠ್ಯಪುಸ್ತಕ ಸಮಿತಿಯಲ್ಲಿ ನಾವು ನಾಲ್ಕು ಜನ. ಅಧ್ಯಕ್ಷರು ನಿವೃತ್ತ ಪ್ರೊಫೆಸರು, ಒಳ್ಳೆಯವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಕೆಳಗೆ ಹುಡುಕುತ್ತಾರೆ. ನನ್ನ ಪಾಲಿಗೆ ಬಂದದ್ದು ಮೊದಲನೇ ಪಾಠ: ಸ್ಥಳ, ಪ್ರದೇಶ, ಅವಕಾಶ. ವಾರವಿಡೀ ಒಂದೇ ಪದದ ಮೇಲೆ ಜಗಳ. ಬರೀ ಖಾಲಿ ಹರವಿಗೆ 'ಅವಕಾಶ' ಅನ್ನೋಣ ಅಂತ ಅವರು. ಮಕ್ಕಳು ಅದನ್ನು ಛಾನ್ಸು ಅಂತ ತಿಳಿಯುತ್ತಾರೆ, 'ಜಾಗ' ಅನ್ನೋಣ ಅಂತ ನಾನು. ಜಾಗ ಅಂದರೆ ಸ್ಥಳವೂ ಆಗುತ್ತಲ್ಲಮ್ಮ ಅಂತ ಅವರು. ಕೊನೆಗೆ ಹೀಗೆ ಬರೆದೆ: ಯಾರೂ ಇಲ್ಲದ ಕೋಣೆ ಅವಕಾಶ; ಅದರಲ್ಲಿ ಒಬ್ಬರು ಉಂಡು, ಮಲಗಿ, ಮುನಿಸಿಕೊಂಡು, ನಕ್ಕರೆ ಅದು ಸ್ಥಳ. ಅಧ್ಯಕ್ಷರು ಒಪ್ಪಿದರು. ನನ್ನ ಈ ಕೋಣೆ ಇನ್ನೂ ಅವಕಾಶವಾಗಿಯೇ ಇದೆ.

ನಾನು ಬೀಗ ಹಾಕಿ ಬಂದ ಮನೆಯ ಕಿಟಕಿಗಳನ್ನು ಭಾನುವಾರ ತೆಗೆದು ಗಾಳಿಯಾಡಿಸು.

ನಿನ್ನ ಮೇಲೆ ಒಂದು ಕಣ್ಣಿಟ್ಟಿರುವ
ಅಕ್ಕ


ಜೂನ್ 24

ಭೂಗೋಳದ ಅಕ್ಕಾ,

ಬಿಟ್ಟಿದ್ದೀಯ, ಕೊಟ್ಟಿಲ್ಲ. ಸರಿ, ಒಪ್ಪಿದೆ. ನಾನೇನೂ ಅವಳನ್ನು ಅಡವಿಟ್ಟುಕೊಂಡಿಲ್ಲ. ಅತ್ತಳಾ ಅಂದರೆ, ಮೊದಲೆರಡು ದಿನ ಚೆನ್ನಾಗಿಯೇ ಅತ್ತಳು. ನಿನ್ನ ನಿದ್ದೆಗೆ ಇಷ್ಟು ಸಾಕಲ್ಲ?

ಆಮೇಲೆ ಶಾಲೆ ಬಿಟ್ಟವಳನ್ನು ನನ್ನ ಜೊತೆ ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋಗತೊಡಗಿದೆ. ಕಾಗದದ ಕಟ್ಟುಗಳ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾಳೆ. ಯಾರಾದರೂ ಬಂದರೆ ನಾನು ಬಾಯಿ ತೆಗೆಯುವ ಮೊದಲೇ "ಒಂದು ಕಡೆನಾ, ಎರಡೂ ಕಡೆನಾ?" ಅಂತ ಕೇಳುತ್ತಾಳೆ, ಥೇಟ್ ನನ್ನ ದನಿಯಲ್ಲಿ. ಎದುರಿನ ಟೈಲರ್ ಅಣ್ಣ ನಕ್ಕು ನಕ್ಕು ಸುಸ್ತಾದರು. ನೀನು ಒಂಬತ್ತು ವರ್ಷ ಸಾಕಿದ ಮಗಳು ಮೂರು ವಾರದಲ್ಲಿ ವ್ಯಾಪಾರ ಕಲಿತಿದ್ದಾಳೆ. ಭೂಗೋಳ ಮಾತ್ರ ಹತ್ತಿಲ್ಲ.

ನಿನ್ನ ಮನೆಗೆ ಭಾನುವಾರ ಹೋಗಿದ್ದೆವು. ಕಿಟಕಿ ತೆಗೆದು, ಕಸ ಗುಡಿಸಿ, ಗಿಡಕ್ಕೆ ನೀರು ಹಾಕಿದೆ. ಬಟಾಣಿ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದಳು. ಕೆಲಸ ಮುಗಿಯಿತಾ, ಮನೆಗೆ ಹೋಗೋಣ್ವಾ ಅಂತ ಎರಡು ಸಲ ಕೇಳಿದಳು. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಮುಚ್ಚಿಟ್ಟೆ ಅಂತ ನಾಳೆ ನೀನು ಅನ್ನಬಾರದು.

ಸ್ಥಳಕ್ಕೂ ಜಾಗಕ್ಕೂ ಏನು ವ್ಯತ್ಯಾಸ ಅಂತ ತಿಳಿಯಲು ನಾಲ್ಕು ಜನಕ್ಕೆ ಒಂದು ವರ್ಷ ಬೇಕಾ? ನಿಮ್ಮ ಸಮಿತಿಗೆ ನನ್ನ ನಮಸ್ಕಾರ.

ಎರಡೂ ಕಣ್ಣು ಕೆಲಸದ ಮೇಲಿಟ್ಟಿರುವ
ತಂಗಿ


ಜುಲೈ 17

ತಂಗೀ,

ಫೋಟೋ ಸಿಕ್ಕಿತು. ಎರಡು ಜಡೆ ಯಾಕೆ? ನಾನು ಯಾವಾಗಲೂ ಒಂದೇ ಹಾಕುತ್ತಿದ್ದೆ. ಅವಳ ನೆತ್ತಿಯಲ್ಲಿ ಸುಳಿ ಇದೆ, ಎರಡು ಭಾಗ ಮಾಡಿದರೆ ಕೂದಲು ನಿಲ್ಲುವುದಿಲ್ಲ ಅಂತ ನಿನಗೆ ಹೇಳಿರಲಿಲ್ಲವೇ? ಫೋಟೋದಲ್ಲೇನೋ ನಿಂತಿದೆ. ಅದೇ ನನಗೆ ಇನ್ನೂ ಚುಚ್ಚುತ್ತಿರುವುದು.

ಹೌದು, ನನಗೆ ಮತ್ಸರ. ನೀನು ದಿನಾ ಅವಳ ತಲೆ ಬಾಚುತ್ತೀಯ. ನಾನು ಇಲ್ಲಿ ಲಕ್ಷಾಂತರ ಮಕ್ಕಳಿಗೆ 'ನಮ್ಮ ಸುತ್ತಮುತ್ತ' ಅಂತ ಪಾಠ ಬರೆಯುತ್ತ ಕೂತಿದ್ದೇನೆ. ಮೊನ್ನೆ ಊಟದ ಹೊತ್ತಿಗೆ ಒಬ್ಬ ಸಹೋದ್ಯೋಗಿ ತನ್ನ ಮಗಳು ಮೂಗು ಒರೆಸಿಕೊಂಡದ್ದನ್ನು ತನ್ನ ತೋಳಿನ ಮೇಲೆ ತೋರಿಸಿ ಗೊಣಗಿದಳು. ತಟ್ಟೆ ಅಲ್ಲೇ ಬಿಟ್ಟು ಎದ್ದುಬಂದೆ.

ಈಗ ಒಂದು ಕೆಲಸವಾಗಬೇಕು. ಪಾಠದಲ್ಲಿ ಒಂದು ಮಗು ತಾನೇ ಬರೆದ ನಕ್ಷೆ ಹಾಕಬೇಕೆಂದು ತೀರ್ಮಾನವಾಗಿದೆ. ಅಳತೆಯ ನಕ್ಷೆ ಬೇಡ, ಮನಸ್ಸಿನಲ್ಲಿರುವ ನಕ್ಷೆ. ಮಗುವಿಗೆ ಮುಖ್ಯವಾದದ್ದು ಅದರಲ್ಲಿ ದೊಡ್ಡದಾಗಿ ಬರುತ್ತದೆ, ಬೇಡವಾದದ್ದು ಬರುವುದೇ ಇಲ್ಲ. ನನ್ನ ಮಗಳಿದ್ದಾಳೆ, ಅವಳಿಂದ ಬರೆಸುತ್ತೇನೆ ಅಂತ ನಾನೇ ಮುಂದೆ ಬಿದ್ದು ಹೇಳಿದ್ದೇನೆ. 'ನನ್ನ ಜಾಗ' ಅಂತ ಮೇಲೆ ಬರೆದು ಅವಳಿಗೆ ತೋಚಿದ ಹಾಗೆ ಬರೆಯಲಿ. ನೀನು ಬಾಯಿ ಹಾಕಬೇಡ.

ಸತ್ಯ ಹೇಳಲೇ? ಪಾಠಕ್ಕೆ ಬೇಕು ಅನ್ನುವುದು ಒಂದು ನೆಪ. ನಾನು ಎಲ್ಲಿದ್ದೇನೆ ಅಂತ ನೋಡಬೇಕು.

ಒಂದೇ ಜಡೆಯ ಪರವಾಗಿರುವ
ಅಕ್ಕ


ಆಗಸ್ಟ್ 9

ಅಕ್ಕಾ,

ತಡವಾಯಿತು, ಅಂಗಡಿಯಲ್ಲಿ ಪರೀಕ್ಷೆ ಅರ್ಜಿಗಳ ಗಲಾಟೆ. ನಕ್ಷೆ ಇದರ ಜೊತೆ ಇಟ್ಟಿದ್ದೇನೆ. ಇದು ಜೆರಾಕ್ಸು. ಒರಿಜಿನಲ್ಲನ್ನು ಬಟಾಣಿ ಗೋಡೆಗೆ ಅಂಟಿಸಿಕೊಂಡಿದ್ದಾಳೆ, ಕೇಳಿದರೆ ಕೊಡುವುದಿಲ್ಲ ಅಂದಳು. ನಾನು ಬಾಯಿ ಹಾಕಿಲ್ಲ, ಅವಳು ಬರೆಯುವಾಗ ಆ ಕಡೆ ತಿರುಗಿಯೂ ನೋಡಿಲ್ಲ.

ಜಡೆ ಈಗಲೂ ಎರಡೇ. ಅವಳಿಗೇ ಇಷ್ಟ.

ನೋಡಿ ಬೇಜಾರು ಮಾಡಿಕೊಳ್ಳಬೇಡ. ಮಕ್ಕಳು ಕಂಡದ್ದನ್ನು ಬರೆಯುತ್ತವೆ ಅಷ್ಟೆ.

ತಂಗಿ


ಆಗಸ್ಟ್ 17

ತಂಗಿಗೆ,

ಬೇಜಾರು ಮಾಡಿಕೊಳ್ಳಬೇಡ ಅಂತ ಬರೆಯುವುದು ಎಷ್ಟು ಸುಲಭ ನಿನಗೆ.

ಹಾಳೆಯ ನಡುವೆ ನಿನ್ನ ಅಂಗಡಿ. ಷಟರಿನ ಒಂದೊಂದು ಗೆರೆಯನ್ನೂ ಎಳೆದಿದ್ದಾಳೆ. ಅದರ ಹಿಂದೆ ನಿನ್ನ ಎರಡು ಕೋಣೆ, ಅದರ ಮೇಲೆ ಬರೆದಿದ್ದಾಳೆ: 'ಮನೆ'. ಟೈಲರ್ ಅಣ್ಣನ ಹೊಲಿಗೆ ಯಂತ್ರ ಇದೆ, ಅದರ ಕೆಳಗೆ ಮಲಗುವ ನಾಯಿ ಇದೆ. ಶಾಲೆಯಿಂದ, ನಲ್ಲಿಯಿಂದ, ಆಟದ ಮೈದಾನದಿಂದ ಹೊರಟ ದಾರಿಗಳೆಲ್ಲ ಬಂದು ನಿನ್ನ ಬಾಗಿಲಿಗೆ ಮುಟ್ಟುತ್ತವೆ. ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚೌಕ. ಅದಕ್ಕೆ ದಾರಿಯೇ ಇಲ್ಲ. ಕೆಳಗೆ ಬರೆದಿದೆ: 'ಬೀಗದ ಮನೆ'.

ಅವಳು ಹುಟ್ಟಿ ಮೂರು ದಿನಕ್ಕೆ ಬಂದ ಮನೆ ಅದು. ಬಾಗಿಲ ಚೌಕಟ್ಟಿನ ಮೇಲೆ ಅವಳ ಎತ್ತರದ ಗುರುತುಗಳಿವೆ. ಅದರ ಹೆಸರು ಬೀಗದ ಮನೆಯಂತೆ.

ಅಧ್ಯಕ್ಷರಿಗೆ ತೋರಿಸಬೇಕಾಯಿತು, ನಾನೇ ಬಡಾಯಿ ಕೊಚ್ಚಿಕೊಂಡಿದ್ದೆನಲ್ಲ. ಅವರಿಗೆ ಬಲು ಖುಷಿ, ತಮಗೂ ಒಂದು ಕಾಪಿ ತೆಗೆಸಿಟ್ಟುಕೊಂಡರು. "ನೋಡಿಮ್ಮ, ಪ್ರದೇಶ ಅಂದ್ರೆ ಏನು ಅಂತ ಮಗು ತೋರಿಸಿಬಿಟ್ಟಿದೆ" ಅಂದರು. ಗಡಿಗೆರೆ ಎಳೆದರಷ್ಟೇ ಪ್ರದೇಶವಾಗುವುದಿಲ್ಲವಂತೆ. ಜನರ ಓಡಾಟವೆಲ್ಲ ಒಂದು ಕೇಂದ್ರಕ್ಕೆ ಬಂದು ಕೂಡಿದರೆ, ಅಷ್ಟೂ ಸೇರಿ ಒಂದು ಪ್ರದೇಶವಂತೆ. ಅದು ನಾನೇ ಬರೆದ ಪಾಠ. ನನ್ನ ಎದುರಿಗೇ ಓದಿ ಹೇಳಿದರು. ನನ್ನ ಮಗಳ ಪ್ರದೇಶಕ್ಕೆ ಕೇಂದ್ರ ನೀನು, ನಾನು ಗಡಿಯಾಚೆ. ಇದು ಪುಸ್ತಕದಲ್ಲಿ ಅಚ್ಚಾಗಿ ಎಲ್ಲ ಮಕ್ಕಳ ಚೀಲದಲ್ಲೂ ಇರುತ್ತದೆ.

ಹಾಗಾಗಲು ಬಿಡುವುದಿಲ್ಲ. ನಕ್ಷೆಯಲ್ಲಿ ಕೆಂಪು ಶಾಯಿಯಿಂದ ತಿದ್ದಿದ್ದೇನೆ, ಅದನ್ನು ನೋಡಿ ಹೊಸದಾಗಿ ಬರೆಯಲು ಹೇಳು. 'ಬೀಗದ ಮನೆ' ಹೊಡೆದು 'ನಮ್ಮ ಮನೆ' ಅಂತ ಬರೆಯಲಿ. ಅದಕ್ಕೊಂದು ದಾರಿ ಹಾಕಲಿ. ಇನ್ನು ಉತ್ತರ ದಿಕ್ಕು ಪೂರಾ ತಪ್ಪು. ಬಾಣದ ತುದಿಗೆ 'ಉ' ಅಂತ ದಪ್ಪಗೆ ಬರೆದು ಅದನ್ನು ಬಸ್ ಸ್ಟಾಪಿನ ಕಡೆಗೆ ತಿರುಗಿಸಿದ್ದಾಳೆ. ಬಸ್ ಸ್ಟಾಪು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ನಿಂತರೆ ಎಡಗೈ ಕಡೆ ಉತ್ತರ ಅಂತ ಅವಳಿಗೆ ನಡೆಯಲು ಬರುವ ಮೊದಲೇ ಕಲಿಸಿದ್ದೆ. ನಿನ್ನ ಅಂಗಡಿಯಲ್ಲಿ ಕೂತು ಅದನ್ನೂ ಮರೆತಿದ್ದಾಳೆ. ಭೂಗೋಳದ ಟೀಚರ್ ಮಗಳಿಗೆ ದಿಕ್ಕು ಗೊತ್ತಿಲ್ಲ ಅಂದರೆ ಸಮಿತಿಯ ಎದುರು ನನ್ನ ಮರ್ಯಾದೆ ಏನಾಗಬೇಕು?

ಇನ್ನೊಂದು ವಿಷಯ. ನನಗೆ ಇಲ್ಲೇ ಕಾಯಂ ಹುದ್ದೆ ಕೊಡುವ ಮಾತು ನಡೆದಿದೆ. ಒಪ್ಪಿಕೊಳ್ಳುತ್ತೇನೆ. ವರ್ಷ ತುಂಬುವವರೆಗೆ ಕಾಯುವುದಿಲ್ಲ, ರಜೆಯಲ್ಲಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ. ಒರಿಜಿನಲ್ಲನ್ನೂ ಕಳಿಸು. ನನಗೆ ಯಾವುದರದ್ದೂ ಜೆರಾಕ್ಸ್ ಬೇಡ.

ಅವಳ ಅಮ್ಮ


ಸೆಪ್ಟೆಂಬರ್ 4

ಅಕ್ಕಾ,

ಎರಡು ವಾರ ನಾನು ಬರೆಯಲಿಲ್ಲ. ಬರೆದಿದ್ದರೆ ಕಾಗದ ಸುಟ್ಟುಹೋಗುತ್ತಿತ್ತು.

ನೀನು ತಿದ್ದಿದ ಹಾಳೆಯನ್ನು ಅವಳಿಗೆ ತೋರಿಸಬಾರದು ಅಂತಲೇ ಇದ್ದೆ. ಲಕೋಟೆ ಮೇಲೆ ನಿನ್ನ ಅಕ್ಷರ ಕಂಡ ಕೂಡಲೇ ತನಗೇ ಬಂದಿದೆ ಅಂತ ಕಿತ್ತುಕೊಂಡಳು. ನೋಡಿದಳು. ಕೆಂಪು ಗೀಟಿನ ಮೇಲೆ ಬೆರಳಾಡಿಸಿದಳು. ಗೋಡೆಯಿಂದ ಒರಿಜಿನಲ್ ಕಿತ್ತು, ಮಡಚಿ, ಶಾಲೆಯ ಚೀಲದ ತಳಕ್ಕೆ ಹಾಕಿಕೊಂಡಳು. ಆವತ್ತಿನಿಂದ ಅಂಗಡಿಗೆ ಬಂದರೂ ಯಾರನ್ನೂ ಒಂದು ಕಡೆನಾ ಎರಡೂ ಕಡೆನಾ ಅಂತ ಕೇಳುತ್ತಿಲ್ಲ. ನಿನಗೂ ಪ್ರಶ್ನೆ ಬರೆದಿಲ್ಲ, ಗಮನಿಸಿದ್ದೀಯಾ?

ಅದು ಉತ್ತರ ದಿಕ್ಕಲ್ಲ ಅಕ್ಕ. ನೀನು ಬರೆಯುವ ಉತ್ತರ. ಬಾಣದ ತುದಿಗೆ ಅವಳು ಬರೆದಿದ್ದು 'ಉತ್ತರ ಬರುವ ಕಡೆ' ಅಂತ. ಟಪಾಲು ಚೀಲ ಇಳಿಯುವುದು ಬಸ್ಸಿನಿಂದ, ಪೋಸ್ಟಣ್ಣ ನಡೆದು ಬರುವುದು ಆ ಕಡೆಯಿಂದ. ಅವಳು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದು ಮೇಲೆ ಪೆನ್ನು ಆಡಿಸಿದ್ದಾಳೆ. ಆ ಮೂಲೆಗೆ ಬಂದು 'ಉ' ತಿದ್ದುವ ಹೊತ್ತಿಗೆ ರೀಫಿಲ್ ಖಾಲಿ. ಉಳಿದ ಅಕ್ಷರ ಪೆನ್ಸಿಲಿನಲ್ಲೇ ಉಳಿಯಿತು. ತೆಳು ಪೆನ್ಸಿಲ್ ಗೆರೆ ಜೆರಾಕ್ಸಿನಲ್ಲಿ ಬರುವುದಿಲ್ಲ.

ಕಪ್ಪು ಜಾಸ್ತಿ ಮಾಡಿ ಇನ್ನೊಂದು ಸಲ ತೆಗೆದಿದ್ದರೆ ಬರುತ್ತಿತ್ತು. ನಾನು ತೆಗೆಯಲಿಲ್ಲ. ಕಾಪಿ ಕೈಗೆ ಬಂದಾಗ ನೋಡಿದೆ, ಅಕ್ಷರ ಬಿದ್ದಿಲ್ಲ ಅಂತ ಗೊತ್ತಾಯಿತು, ಹಾಗೇ ಲಕೋಟೆಗೆ ಹಾಕಿದೆ. ಯಾಕೆ ಅಂದರೆ ನನಗೂ ಹೊಟ್ಟೆ ಉರಿಯಿತು. ಆ ಹಕ್ಕು ನಿನ್ನೊಬ್ಬಳದ್ದೇ ಅಂದುಕೊಂಡೆಯಾ? ಹಾಳೆಯ ನಡುವೆ ನನ್ನನ್ನು ಕೂರಿಸಿದ್ದಾಳೆ ನಿಜ. ದಿನಾ ಎಬ್ಬಿಸಿ, ಉಣ್ಣಿಸಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳನ್ನು ಕೂರಿಸದೆ ಏನು ಮಾಡುತ್ತಾಳೆ? ಅವಳು ನನ್ನ ಅಂಗಡಿಯಲ್ಲಿ ಕೂತು ನೋಡುವುದು ಮಾತ್ರ ಆ ಬಾಣದ ಕಡೆ. ಪೋಸ್ಟಣ್ಣನ ಸೈಕಲ್ ಬೆಲ್ ಕೇಳಿದರೆ ಕಾಗದದ ಕಟ್ಟುಗಳಿಂದ ಧುಮುಕುತ್ತಾಳೆ. ನಾನು ಕರೆದಾಗ ಯಾವತ್ತೂ ಹಾಗೆ ಧುಮುಕಿಲ್ಲ.

ಚಿಕ್ಕಂದಿನಿಂದ ನಿನ್ನ ಹಳೆ ಫ್ರಾಕು, ಹಳೆ ಪುಸ್ತಕ, ಹಳೆ ಚಪ್ಪಲಿ ನನ್ನ ಪಾಲಿಗೆ. ಈ ಒಂದು ಸಲವಾದರೂ ನನ್ನದೇ ಆದದ್ದು ಏನೋ ಸಿಕ್ಕಿತು ಅಂತ ನಂಬಿದ್ದೆ. ನಿನ್ನ ಪಾಠದ ಪ್ರಕಾರ ನಾನು ಕೇಂದ್ರವಂತೆ. ಆ ಕೇಂದ್ರವನ್ನು ನೀನೇ ಇಟ್ಟುಕೋ, ಬಾಣ ನನಗೆ ಕೊಡು.

ಬಂದು ಕರೆದುಕೊಂಡು ಹೋಗು. ಈಗಲಾದರೆ ಕಳಿಸಿಕೊಡುತ್ತೇನೆ. ವರ್ಷ ತುಂಬುವವರೆಗೆ ಬಿಟ್ಟರೆ ಕಳಿಸುವ ಮನಸ್ಸು ನನಗೆ ಇರುತ್ತದೆ ಅಂತ ನಂಬಬೇಡ.

ತಂಗಿ


ಸೆಪ್ಟೆಂಬರ್ 13

ತಂಗೀ,

ನಿನ್ನ ಕಾಗದವನ್ನು ಕಚೇರಿಯಲ್ಲೇ ಒಡೆದೆ. ಓದುವಾಗ ಅಧ್ಯಕ್ಷರು ಎದುರಿಗಿದ್ದರು, ಏನಾಯ್ತಮ್ಮ ಅಂದರು. ನಕ್ಷೆ ವಾಪಸ್ ಕೊಡಿ ಸಾರ್ ಅಂದೆ. ಅಚ್ಚಿಗೆ ಬ್ಲಾಕ್ ಮಾಡಿಸಲು ಕಳಿಸಬೇಕಲ್ಲ, ಎಷ್ಟು ಚೆನ್ನಾಗಿದೆ ಅಂದರು. ಅದು ನಕ್ಷೆಯಲ್ಲ, ನನ್ನ ಮಗಳು ನನಗೆ ಬರೆದ ಕಾಗದ, ನಾನು ಓದದೆ ತಿದ್ದಿಬಿಟ್ಟಿದ್ದೇನೆ ಅಂದೆ. ಅವರು ತಮ್ಮ ಹತ್ತಿರವಿದ್ದ ಕಾಪಿಯನ್ನು ಮಡಚಿ ನನ್ನ ಕೈಗಿಟ್ಟರು, ಮತ್ತೇನೂ ಕೇಳಲಿಲ್ಲ. ಪುಸ್ತಕಕ್ಕೆ ಬೇರೆ ಮಗುವಿನ ನಕ್ಷೆ ಹಾಕುತ್ತಾರೆ.

ಹುದ್ದೆ ಒಪ್ಪಿಕೊಂಡಿದ್ದೇನೆ. ಒಂದು ಮಹಡಿ ಮನೆ ನೋಡಿದ್ದೇನೆ, ರಸ್ತೆಯ ಕಡೆ ಕಿಟಕಿಯಿದೆ. ರಜೆಯ ಮೊದಲ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬಂದು ಅದೇ ಬಸ್ಸು ತಿರುಗುವಾಗ ಹೊರಡುತ್ತೇವೆ. ಬೀಗದ ಮನೆಗೆ ಹೋಗುವುದಿಲ್ಲ, ಅಲ್ಲಿಂದ ತರುವಂಥದ್ದು ಏನೂ ಇಲ್ಲ.

ಒಂದು ಕೇಳಿಕೊಳ್ಳುತ್ತೇನೆ. ನೀನು ಬಸ್ ಸ್ಟಾಪಿಗೆ ಬರಬೇಡ. ನೀನು ಬಂದರೆ ಅವಳ ಕೈ ನಿನ್ನ ಕೈಯಲ್ಲಿರುತ್ತದೆ, ಅದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಬೇಕಾಗುತ್ತದೆ. ಇಳಿಯುವಷ್ಟರಲ್ಲಿ ಅವಳು ಆ ಕೈ ಬಿಡುತ್ತಾಳೋ ಇಲ್ಲವೋ ಅಂತ ಕಾಯಬೇಕಾಗುತ್ತದೆ. ನನ್ನಿಂದಾಗದು. ಟೈಲರ್ ಅಣ್ಣನ ಜೊತೆ ಕಳಿಸು. ಇದು ಕೆಟ್ಟತನ ಅಂತ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಅವಳಿಗೆ ಬೇರೆ ಕಾಗದ ಬರೆದು ಇದರೊಳಗೇ ಇಟ್ಟಿದ್ದೇನೆ. ನೀನು ಓದಬೇಡ.

ಅಕ್ಕ


ಅಕ್ಟೋಬರ್ 10

ಅಕ್ಕಾ,

ಬರಬೇಡ ಅಂದೆ, ಬರಲಿಲ್ಲ. ಷಟರ್ ಅರ್ಧ ಎಳೆದುಕೊಂಡು ಅಂಗಡಿಯೊಳಗೇ ಇದ್ದೆ. ಭಾನುವಾರವಾದ್ದರಿಂದ ಕೆಲಸವೂ ಇರಲಿಲ್ಲ. ಸುಮ್ಮನೆ ಖಾಲಿ ಹಾಳೆಗಳನ್ನು ಜೆರಾಕ್ಸ್ ಮಾಡಿದೆ.

ಟೈಲರ್ ಅಣ್ಣ ವಾಪಸ್ ಬಂದು ಎಲ್ಲ ಹೇಳಿದರು. ನೀನು ಇಳಿಯುವ ಮೊದಲೇ ಅವಳು ಅವರ ಕೈ ಬಿಡಿಸಿಕೊಂಡು ಓಡಿದಳಂತೆ. ನಿನ್ನ ಹೊಟ್ಟೆಗೆ ಮುಖ ಒತ್ತಿಕೊಂಡು ನಿಂತವಳು ಕಂಡಕ್ಟರ್ ಬೈದರೂ ಬಿಡಲಿಲ್ಲವಂತೆ. "ನೀನು ಇಲ್ಲದ್ದೇ ಒಳ್ಳೇದಾಯ್ತಮ್ಮ" ಅಂದರು ಆ ಪುಣ್ಯಾತ್ಮ. ಸಮಾಧಾನಕ್ಕೆ ಅಂದದ್ದು, ನನಗೆ ಅವರ ಯಂತ್ರವನ್ನೇ ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು.

ಹೊರಡುವಾಗ ನನ್ನ ಹತ್ತಿರ ಅವಳು ಅಳಲಿಲ್ಲ. ಚಿಕ್ಕಮ್ಮ, ನೀನ್ಯಾಕೆ ಬರಲ್ಲ ಅಂತ ಕೇಳಿದಳು. ಅಂಗಡಿ ಬಿಟ್ಟು ಬರಕ್ಕಾಗಲ್ಲ ಅಂದೆ. ಇವತ್ತು ಭಾನುವಾರ ಅಲ್ವಾ ಅಂದಳು.

ಅವಳ ಹಲ್ಲುಜ್ಜುವ ಬ್ರಷ್ಷು ಇಲ್ಲೇ ಉಳಿದಿದೆ. ಕಳಿಸುವುದಿಲ್ಲ. ಹೊಸದು ಕೊಡಿಸು.

ಅಲ್ಲಿ ಅವಳು ನನ್ನನ್ನು ಕೇಳಿದಳಾ? ಕೇಳಿದ್ದರೆ ಬರಿ. ಕೇಳದಿದ್ದರೂ ಕೇಳಿದಳು ಅಂತ ಬರಿ. ನಾನು ನಂಬುತ್ತೇನೆ.

ಅವಳ ಚಿಕ್ಕಮ್ಮ


ಅಕ್ಟೋಬರ್ 22

ತಂಗೀ,

ನಿನ್ನ ಕಾಗದಕ್ಕೆ ಸುಳ್ಳು ಬರೆಯಬಹುದಿತ್ತು. ಅದು ನನಗೂ ಸುಲಭವಾಗುತ್ತಿತ್ತು, ಯಾಕೆಂದರೆ ನಿಜವಾಗಿ ನಡೆದದ್ದನ್ನು ಬರೆಯಲು ನನಗೆ ಮನಸ್ಸಿಲ್ಲ.

ಮೊದಲ ವಾರ ಅವಳು ನಿನ್ನ ಹೆಸರೆತ್ತಲಿಲ್ಲ. ನನಗೆ ಒಳಗೊಳಗೇ ಖುಷಿ. ರಜೆ ಮುಗಿದ ಮೇಲೆ ಹೊಸ ಶಾಲೆಗೆ ಹೋದಳು, ಒಂದೇ ಜಡೆ ಹಾಕಿದೆ, ಸುಮ್ಮನೆ ಹಾಕಿಸಿಕೊಂಡಳು. ಗೋಡೆಗೆ ಚಿತ್ರ ಅಂಟಿಸಿದೆ, ಅವಳ ಹೆಸರಿನ ಲೋಟ ತಂದಿಟ್ಟೆ. ಈ ಮನೆ ಅವಳಿಗೆ ಒಂದು ಸ್ಥಳವಾಗಲಿ ಅಂತ ನನ್ನ ಪಾಠದಲ್ಲಿ ಬರೆದದ್ದನ್ನೆಲ್ಲ ಮಾಡಿದೆ. ಅವಳು ನೆಂಟರ ಮನೆಗೆ ಬಂದವಳ ಹಾಗೆ ಮಂಚದ ತುದಿಯಲ್ಲಿ ಕೂರುತ್ತಿದ್ದಳು. ಲೋಟ ಎಲ್ಲಿಡಲಿ ಅಂತ ನನ್ನನ್ನು ಕೇಳುತ್ತಿದ್ದಳು.

ನಿನ್ನೆ ಸಂಜೆ ಶಾಲೆಯಿಂದ ಕರೆತರುವಾಗ ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಎದುರು ನಿಂತುಬಿಟ್ಟಳು. ಎಳೆದರೂ ಬರಲಿಲ್ಲ. ಒಳಗೆ ಹೋಗಿ ಆಗಷ್ಟೇ ಯಂತ್ರದಿಂದ ಬಂದ ಹಾಳೆಗಳ ಮೇಲೆ ಕೆನ್ನೆ ಇಟ್ಟಳು. ಅಂಗಡಿಯವನು ಗಾಬರಿಯಾಗಿ ನನ್ನ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡು "ಚಿಕ್ಕಮ್ಮನ ಕೈ ಇಷ್ಟೇ ಬೆಚ್ಚಗಿರುತ್ತೆ" ಅಂದಳು. ಆಮೇಲೆ ಅತ್ತಳು. ಬಿಕ್ಕಿ ಬಿಕ್ಕಿ, ಇಲ್ಲಿಗೆ ಬಂದ ಮೇಲೆ ಮೊದಲ ಸಲ.

ನಾನು ಆ ಅಂಗಡಿಯ ಬೆಂಚಿನ ಮೇಲೆ ಕೂತೆ. ಅವಳ ಅಳು ಮುಗಿಯುವವರೆಗೆ ಅಂಗಡಿಯವನು ನಮಗಾಗಿ ಬೇಡವಾದ ಹಾಳೆಗಳನ್ನು ಯಂತ್ರಕ್ಕೆ ಹಾಕುತ್ತಲೇ ಇದ್ದ. ಒಂದೊಂದನ್ನೂ ಅವಳ ಕೈಗೆ ಕೊಡುತ್ತಿದ್ದ. ಅವಳ ಅಮ್ಮ ನಾನು ಪಕ್ಕದಲ್ಲೇ ಕೂತಿದ್ದೆ ತಂಗೀ. ಅವಳು ಅಮ್ಮನ ಕೈ ಕೇಳಲಿಲ್ಲ.

ಇವತ್ತೂ ಹೋಗಿದ್ದೆವು. ನಾಳೆಯೂ ಹೋಗುತ್ತೇವೆ, ಅವಳು ಹೇಳಿಯಾಗಿದೆ.

ಕೇಳಿದಳಾ ಅಂತ ಕೇಳಿದ್ದೆಯಲ್ಲ, ಬರೆದಿದ್ದೇನೆ. ಈಗ ನಿನ್ನ ಹೊಟ್ಟೆ ತಣ್ಣಗಾಯಿತಾ? ನನ್ನದು ಆಗಿಲ್ಲ.

ಅಕ್ಕ